ಬೋಳುಗುಡ್ಡಕ್ಕೆ ಯಾವ ಬೀಜ ಎಸೆಯೋಣ?

ಪ್ರಶ್ನೆ: ಕಳೆದ ಅಕ್ಟೋಬರಿನಲ್ಲಿ ಗೆಳೆಯರೆಲ್ಲ ಸೇರಿ ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತಿದೆವು. ಮೇಲೆ ಹೋದಂತೆ ಗುಡ್ಡಗಳೆಲ್ಲ ಬೋಳು. ಮರ ಇರುವುದು ಕಣಿವೆಯ ಸಂದಿಗಳಲ್ಲಿ ಮಾತ್ರ. ಇಷ್ಟು ಕಾಡು ಕಡಿದವರು ಯಾರು ಸರ್, ಗಣಿಯವರಾ? ಈ ಮಳೆಗಾಲಕ್ಕೆ ಐದು ಸಾವಿರ ಬೀಜದುಂಡೆ ಮಾಡಿ ಅಲ್ಲಿ ಎಸೆಯೋಣ ಅಂತಿದ್ದೇವೆ. ಯಾವ ಮರದ ಬೀಜ ಒಳ್ಳೆಯದು? ಇನ್ನೊಂದು ಪ್ರಶ್ನೆ, ನಾವು ಚಾರಣಕ್ಕೆ ಹೋಗುವುದರಿಂದಲೂ ಗುಡ್ಡ ಹಾಳಾಗುತ್ತಾ?
– ತುಮಕೂರಿನ ಒಬ್ಬ ಓದುಗರು

ಉತ್ತರ: ಬೀಜದುಂಡೆಯಿಂದಲೇ ಶುರು ಮಾಡುತ್ತೇನೆ. ಮಳೆಗಾಲ ಹತ್ತಿರ ಬಂತು, ನೀವು ಆಗಲೇ ಮಣ್ಣು ಕಲಸಲು ಕೂತಿರಬಹುದು. ದಯವಿಟ್ಟು ಬೇಡ. ಯಾವ ಮರದ್ದೂ ಬೇಡ. ಹೊಂಗೆಯೂ ಬೇಡ, ನೇರಳೆಯೂ ಬೇಡ.

ನಿಮ್ಮ ಕಾಳಜಿಯನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ನೀವು ನೋಡಿದ ಎತ್ತರದ ಗುಡ್ಡಗಳಲ್ಲಿ ಕಾಡು ಕಡಿದವರು ಯಾರೂ ಇಲ್ಲ. ಕಡಿಯಲು ಅಲ್ಲಿ ಕಾಡೇ ಇರಲಿಲ್ಲ. ಅದು ಹುಲ್ಲಿನ ಗುಡ್ಡ. ಬಹಳ ಹಿಂದಿನಿಂದ ಹಾಗೇ ಇದೆ. ಸಂದಿಯಲ್ಲಿ ನೀವು ಕಂಡ ಮರಗಳ ಗುಂಪಿಗೆ ಶೋಲಾ ಕಾಡು ಅನ್ನುತ್ತಾರೆ. ಅದು ಕಡಿದು ಉಳಿದ ಚೂರಲ್ಲ, ಅದರ ಜಾಗವೇ ಅದು.

ಯಾಕೆ ಹೀಗೆ? ಗುಡ್ಡದ ಬೆನ್ನಿನ ಮೇಲೆ ಮಣ್ಣು ತೆಳು. ಕೆಲವು ಕಡೆ ಒಂದು ಗೇಣೂ ಇಲ್ಲ, ಕೆಳಗೆ ಬರೀ ಬಂಡೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಹುಯ್ದು ಮುಗಿಯುತ್ತದೆ. ಆಮೇಲೆ ಬಿಸಿಲು, ಗಾಳಿ. ಆ ಗಾಳಿಗೆ ನೀವೂ ಸಿಕ್ಕಿರುತ್ತೀರಿ, ಟೋಪಿ ನಿಲ್ಲುವುದಿಲ್ಲ ಅಲ್ವಾ? ಎಳೆ ಸಸಿಯ ಪಾಡು ಯೋಚಿಸಿ. ಹುಲ್ಲಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಮೇಲೆ ಒಣಗುತ್ತದೆ, ಬುಡ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮೊದಲ ಮಳೆ ಬಿತ್ತೆಂದರೆ ಹದಿನೈದು ದಿನದಲ್ಲಿ ಗುಡ್ಡ ಹಸಿರು. ಸಂದಿಯಲ್ಲಿ ಹಾಗಲ್ಲ. ಅಲ್ಲಿ ಮಣ್ಣು ಕೊಚ್ಚಿ ಬಂದು ದಪ್ಪವಾಗಿದೆ, ಗಾಳಿಗೆ ಮರೆ ಇದೆ, ತೇವ ಇದೆ. ಮರಗಳು ಒತ್ತೊತ್ತಾಗಿ, ಗಿಡ್ಡವಾಗಿ, ಮೈತುಂಬ ಪಾಚಿ ಹೊದ್ದು ನಿಲ್ಲುತ್ತವೆ. ಹಳ್ಳ ಹುಟ್ಟುವುದು ಅಲ್ಲೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಬೆಟ್ಟಸಾಲಿನವು.

ಹಳೆಯದು ಅನ್ನುವುದಕ್ಕೆ ಸಾಕ್ಷಿ ಏನು ಅಂತ ನೀವು ಕೇಳಬೇಕು. ಒಳ್ಳೆಯ ಸಾಕ್ಷಿ ಸಿಕ್ಕಿರುವುದು ಊಟಿ ಕಡೆಯ ನೀಲಗಿರಿ ಬೆಟ್ಟಗಳಲ್ಲಿ. ಅಲ್ಲಿನ ಜೌಗಿನಲ್ಲಿ ಕೊಳೆತ ಗಿಡಗಳ ಕಪ್ಪು ಮಣ್ಣು ಪದರ ಪದರವಾಗಿ ಕೂತಿದೆ. ಬಿಸಿ ಸೀಮೆಯ ಹುಲ್ಲು ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಬೇರೆ, ಮರ ಹಿಡಿಯುವ ರೀತಿ ಬೇರೆ. ಗಿಡ ಸತ್ತು ಸಾವಿರಾರು ವರ್ಷ ಕಳೆದರೂ ಆ ಗುರುತು ಮಣ್ಣಿನಲ್ಲಿ ಉಳಿದಿರುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಈ ಪದರಗಳನ್ನು ಓದಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷ ಹಿಂದೆಯೇ ಅಲ್ಲಿ ಹುಲ್ಲುಗಾವಲು ಇತ್ತು. ಲೋಕ ತಣ್ಣಗೆ, ಒಣಕಲಾಗಿದ್ದ ಕಾಲದಲ್ಲಿ ಹುಲ್ಲು ಹಬ್ಬಿತು. ಮಳೆ ಹೆಚ್ಚಿದಾಗ ಮರ ಹಬ್ಬಿತು. ಹೀಗೆ ಹಿಂದೆ ಮುಂದೆ ಸರಿಯುತ್ತಾ ಬಂದಿವೆ. ಆಗ ಕೊಡಲಿ ಹಿಡಿದು ಕಾಡು ಸವರುವ ಜನ ಎಲ್ಲಿದ್ದರು?

ಹಾಗಂತ ಮಲೆನಾಡಿನ ಬೋಳುಗುಡ್ಡಗಳೆಲ್ಲ ಇದೇ ಜಾತಿ ಅಂದುಕೊಳ್ಳಬೇಡಿ. ಇಲ್ಲಿ ನಾನು ಸ್ವಲ್ಪ ಹುಷಾರಾಗಿ ಮಾತಾಡಬೇಕು. ಕೆಳಗಿನ ಇಳಿಜಾರುಗಳಲ್ಲಿ, ಊರ ಹತ್ತಿರದ ಬ್ಯಾಣಗಳಲ್ಲಿ, ಅಂದರೆ ದನ ಮೇಯಿಸುವ ಹುಲ್ಲಿನ ಗುಡ್ಡಗಳಲ್ಲಿ, ಮನುಷ್ಯರ ಕೈ ಚೆನ್ನಾಗಿಯೇ ಇದೆ. ಕಾಡು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲುವ ಕುಮರಿ ಬೇಸಾಯ ಘಟ್ಟದಲ್ಲೆಲ್ಲ ಇತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಬ್ರಿಟಿಷರು ಅದನ್ನು ಅಡಗಿಸಿದರು. ಬ್ಯಾಣಕ್ಕೆ ಬೇಸಿಗೆಯಲ್ಲಿ ಬೆಂಕಿ ಕೊಟ್ಟರೆ ದನಗಳಿಗೆ ಹೊಸ ಹುಲ್ಲು ಬರುತ್ತದೆ. ಕರಡ, ಅಂದರೆ ಅಲ್ಲಿನ ಒಣಹುಲ್ಲು, ಕೊಯ್ದು ಬಣವೆ ಹಾಕಿಕೊಂಡರೆ ವರ್ಷದ ಮೇವು. ಇಂಥ ಗುಡ್ಡವನ್ನು ಗುರುತಿಸುವುದು ಕಷ್ಟವಲ್ಲ. ಅಲ್ಲಲ್ಲಿ ಬೆಂಕಿ ತಡೆದು ನಿಂತ ನೆಲ್ಲಿ, ಕವಲು ಮರಗಳಿರುತ್ತವೆ. ಪೊದೆ ಇರುತ್ತದೆ. ಕಾಡಿನ ಅಂಚು ಕಲಸಿದ ಹಾಗಿರುತ್ತದೆ. ನೀವು ಮೇಲೆ ನೋಡಿದ ಶೋಲಾದ ಅಂಚು ಹಾಗಿರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇಲ್ಲಿ ಹುಲ್ಲು, ಒಂದು ಹೆಜ್ಜೆ ಇಟ್ಟರೆ ಕಾಡು.

ಬೆಂಕಿಯ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲೇ ಜಗಳ ಇದೆ. ಬೆಂಕಿ ಪದೇ ಪದೇ ಬಿದ್ದರೆ ಶೋಲಾದ ಅಂಚು ಸುಟ್ಟು ಹಿಂದೆ ಸರಿಯುತ್ತದೆ, ನಿಜ. ಪೂರ್ತಿ ನಿಲ್ಲಿಸಿದರೆ ಹುಲ್ಲು ಒಣಗಿ ಗಂಟು ಕಟ್ಟುತ್ತದೆ, ಪೊದೆ ನುಗ್ಗುತ್ತದೆ, ಒಂದು ದಿನ ಯಾರದೋ ಬೀಡಿ ಕಿಡಿಗೆ ಇಡೀ ಗುಡ್ಡ ಹತ್ತಿಕೊಳ್ಳುತ್ತದೆ. ನೀಲಗಿರಿಯ ತೋಡರು ಎಂಬ ಬುಡಕಟ್ಟಿನವರು ತಲೆಮಾರುಗಳಿಂದ ಎಮ್ಮೆ ಮೇಯಿಸುತ್ತಾ, ಅಲ್ಲಲ್ಲಿ ಹುಲ್ಲು ಸುಡುತ್ತಾ ಬಂದವರು. ಹುಲ್ಲುಗಾವಲು ಅವರ ಕೈಯಲ್ಲಿ ಕೆಟ್ಟಿರಲಿಲ್ಲ. ಮನುಷ್ಯ ಕಾಲಿಟ್ಟರೆ ಸಾಕು ಬೆಟ್ಟ ಹಾಳು ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹಾಗಾದರೆ ಕೆಟ್ಟಿದ್ದು ಯಾವಾಗ? ಇದನ್ನು ಹುಲ್ಲು ಅಂತ ನೋಡದೆ ಖಾಲಿ ಜಾಗ ಅಂತ ನೋಡಲು ಶುರು ಮಾಡಿದಾಗ. 1820ರ ಸುಮಾರಿಗೆ ಬ್ರಿಟಿಷರು ಊಟಿಯಲ್ಲಿ ನೆಲೆ ಊರಿದರು. ಚಳಿಗೆ ಸೌದೆ ಬೇಕು. ಶೋಲಾದ ಮರ ನಿಧಾನ ಬೆಳೆಯುತ್ತದೆ, ಕಡಿದರೆ ಮತ್ತೆ ಬರಲು ಎರಡು ತಲೆಮಾರು ಬೇಕು. ಎದುರಿಗೆ ನೋಡಿದರೆ ಮೈಲಿಗಟ್ಟಲೆ ಬಯಲು. ಆಸ್ಟ್ರೇಲಿಯಾದಿಂದ ವಾಟಲ್ ಎಂಬ ಮರ ತರಿಸಿದರು, 1840ರ ದಶಕದಲ್ಲಿ ಯೂಕಲಿಪ್ಟಸ್ ತರಿಸಿದರು. ದಾಖಲೆಯಲ್ಲಿ ಆ ನೆಲಕ್ಕೆ ಪಾಳು ಅಂತ ಹೆಸರು. ಪಾಳು ಭೂಮಿಯಲ್ಲಿ ಮರ ನೆಟ್ಟರೆ ಅದು ಪುಣ್ಯದ ಕೆಲಸವೇ ಆಗಬೇಕಲ್ಲ?

ಸ್ವಾತಂತ್ರ್ಯ ಬಂದ ಮೇಲೂ ಈ ನೋಟ ಬದಲಾಗಲಿಲ್ಲ, ಇನ್ನೂ ಜೋರಾಯಿತು. ಚರ್ಮ ಹದ ಮಾಡಲು ವಾಟಲ್ ತೊಗಟೆ ಬೇಕು, ರೇಯಾನ್ ಬಟ್ಟೆಗೆ ಮರದ ತಿರುಳು ಬೇಕು. ನೀಲಗಿರಿ, ಕೊಡೈಕೆನಾಲ್ ಸುತ್ತಿನ ಪಳನಿ ಬೆಟ್ಟ, ಎಲ್ಲ ಕಡೆ ಹುಲ್ಲಿನ ಮೇಲೆ ಪೈನ್, ವಾಟಲ್, ಯೂಕಲಿಪ್ಟಸ್ ಎದ್ದವು. ಪಳನಿಯಲ್ಲಿ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದ ಅಧ್ಯಯನ 2018ರಲ್ಲಿ ಬಂತು. ನಾಲ್ಕು ದಶಕದಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರನೇ ಎರಡು ಪಾಲು ಹೋಗಿದೆ. ನುಂಗಿದ್ದು ಮುಖ್ಯವಾಗಿ ನೆಡುತೋಪು ಮತ್ತು ಬೇಸಾಯ. ಎತ್ತರದ ಹುಲ್ಲಿನಲ್ಲಿ ಮಾತ್ರ ಬದುಕುವ ನೀಲಗಿರಿ ಪಿಪಿಟ್ ಎಂಬ ಪುಟ್ಟ ಹಕ್ಕಿ ಇದೆ. ಹುಲ್ಲು ಮೇಯುವ ನೀಲಗಿರಿ ತಾರ್ ಎಂಬ ಕಾಡುಮೇಕೆ ಇದೆ. ಮರಗಳ ತೋಪಿನಲ್ಲಿ ಇವಕ್ಕೆ ಕೆಲಸವಿಲ್ಲ. ಉಪಗ್ರಹ ಚಿತ್ರದಲ್ಲಿ ಮಾತ್ರ ಎಲ್ಲ ಹಸಿರೇ ಹಸಿರು.

ಕನ್ನಡದಲ್ಲಿ ನಾವು ಯೂಕಲಿಪ್ಟಸ್‌ಗೆ ಏನಂತೀವಿ ನೋಡಿ. ನೀಲಗಿರಿ ಮರ! ಆಸ್ಟ್ರೇಲಿಯಾದ ಮರ ಬೆಟ್ಟದ ಹುಲ್ಲನ್ನು ತಿಂದಿದ್ದಲ್ಲದೆ ಬೆಟ್ಟದ ಹೆಸರನ್ನೂ ತಾನೇ ಇಟ್ಟುಕೊಂಡಿತು. ನೆಗಡಿಯಾದಾಗ ಮೂಗಿಗೆ ಹಚ್ಚುವ ನೀಲಗಿರಿ ಎಣ್ಣೆಯೂ ಅದರದ್ದೇ. ನನಗೆ ಆ ವಾಸನೆ ಈಗಲೂ ಇಷ್ಟ, ಸುಳ್ಳು ಯಾಕೆ ಹೇಳಲಿ.

ನೀರಿನ ಲೆಕ್ಕ ಇನ್ನೂ ಮುಖ್ಯ. ಮರ ಜಾಸ್ತಿಯಾದರೆ ನೀರು ಜಾಸ್ತಿ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತವರು. ಊಟಿ ಹತ್ತಿರದ ಗ್ಲೆನ್‌ಮಾರ್ಗನ್ ಎಂಬಲ್ಲಿ ಮಣ್ಣು ಸಂರಕ್ಷಣೆಯ ವಿಜ್ಞಾನಿಗಳು ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲು, ಶೋಲಾ ಇದ್ದ ಹಾಗೇ ಬಿಟ್ಟರು. ಇನ್ನೊಂದರ ಹುಲ್ಲಿನ ಮೇಲೆ ಯೂಕಲಿಪ್ಟಸ್ ನೆಟ್ಟರು. ಎರಡರ ಹಳ್ಳದ ನೀರನ್ನೂ ವರ್ಷಗಟ್ಟಲೆ ಅಳೆದರು. ಮೊದಲ ಸುತ್ತಿನ ಮರ ಬೆಳೆಯುವಷ್ಟರಲ್ಲಿ ನೆಟ್ಟ ಕಣಿವೆಯ ನೀರು ಸುಮಾರು ಶೇ. 16 ಇಳಿಯಿತು. ಮರ ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿದ ಎರಡನೇ ಸುತ್ತಿನಲ್ಲಿ ಸುಮಾರು ಶೇ. 25 ಇಳಿಯಿತು. ಇದರಲ್ಲಿ ವಿಚಿತ್ರವೇನಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಸುಮ್ನೆ ಮಲಗುತ್ತದೆ, ನೀರು ಕುಡಿಯುವುದಿಲ್ಲ. ಯೂಕಲಿಪ್ಟಸ್ ಮಲಗುವುದಿಲ್ಲ, ಬೇರು ಆಳಕ್ಕೆ ಇಳಿಸಿ ಹೀರುತ್ತಲೇ ಇರುತ್ತದೆ. ಬೆಟ್ಟದ ಮೇಲೆ ಹೀರಿದ್ದು ಕೆಳಗಿನ ಒರತೆಯಲ್ಲಿ ಕಡಿಮೆಯಾಗಲೇಬೇಕು.

ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ಈ ಪಾತ್ರ ವಹಿಸಿದ್ದು ಅಕೇಶಿಯಾ. ಅದೂ ಆಸ್ಟ್ರೇಲಿಯಾ ಕಡೆಯದೇ. ಒಂದು ತಪ್ಪೊಪ್ಪಿಗೆ ಇಲ್ಲೇ ಮಾಡಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ವನಮಹೋತ್ಸವದ ದಿನ ನಮ್ಮ ಶಾಲೆಯವರು ನಮ್ಮನ್ನು ಸಾಲಾಗಿ ಊರ ಬ್ಯಾಣಕ್ಕೆ ಕರೆದುಕೊಂಡು ಹೋಗಿದ್ದರು. ನಾನೂ ಹತ್ತು ಅಕೇಶಿಯಾ ನೆಟ್ಟೆ. ಮನೆಗೆ ಬಂದು ಅಜ್ಜನಿಗೆ ಹೆಮ್ಮೆಯಿಂದ ಹೇಳಿದೆ. ಅಜ್ಜ ಕೇಳಿದ್ದು ಒಂದೇ, "ಕರಡ ಎಲ್ಲಿ ಕೊಯ್ಯೋದು ಹಂಗಾರೆ?" ನನಗೆ ಆಗ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಐದಾರು ವರ್ಷದಲ್ಲಿ ಬ್ಯಾಣ ಮುಚ್ಚಿಹೋಯಿತು. ಅಕೇಶಿಯಾದ ಎಲೆ ಬೇಗ ಕೊಳೆಯುವುದಿಲ್ಲ, ನೆಲದ ಮೇಲೆ ಚಾಪೆಯ ಹಾಗೆ ಬೀಳುತ್ತದೆ. ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ದನ ಅದನ್ನು ಮೂಸಿಯೂ ನೋಡುವುದಿಲ್ಲ. ಬೀಜ ಮಾತ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಮರ ಕಡಿದು ಬೆಳಕು ಬಿದ್ದ ತಕ್ಷಣ ನೂರಾರು ಸಸಿ ಒಟ್ಟಿಗೇ ಏಳುತ್ತವೆ. ನಾನು ನೆಟ್ಟ ಹತ್ತರಲ್ಲಿ ಎಷ್ಟು ಉಳಿದವೋ, ಅವುಗಳ ಮೊಮ್ಮಕ್ಕಳಂತೂ ಅಲ್ಲಿ ಧಾರಾಳವಾಗಿ ಇದ್ದಾರೆ.

ಈಗ ಗಣಿ. ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ಗಣಿಯವರು ನೀವು ನೋಡಿದ ಗುಡ್ಡಗಳ ಮರ ಕಡಿಯಲಿಲ್ಲ, ಪಕ್ಕದಲ್ಲಿ ಗುಡ್ಡವನ್ನೇ ತೆಗೆದರು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಗಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸುವ ಲೆಕ್ಕದಲ್ಲಿ. ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿತ್ತು, ಗಣಿ ನಿಲ್ಲಲಿಲ್ಲ. ಇಲ್ಲಿನ ಅದಿರಿನಲ್ಲಿ ಕಬ್ಬಿಣ ಕಡಿಮೆ. ಹಾಗಾಗಿ ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಪಾಲು ಬೇರೆ ಮಾಡಿ, ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಉಳಿದ ಕೆಸರು ಎಲ್ಲಿಗೆ? ಭದ್ರೆಗೆ ಸೇರುವ ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿ ಅದರ ಹಿಂದೆ ತುಂಬಿಸಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಕಾರ್ಮಿಕರು ಹೋದರು, ಊರು ಖಾಲಿಯಾಯಿತು. ಕೆಸರು ಅಲ್ಲೇ ಇದೆ. ಆ ಕಣಿವೆ ಮತ್ತೆ ಕಣಿವೆಯಾಗುವುದಿಲ್ಲ. ಹೀಗೆ ತೋಡಿದ್ದು ಇಲ್ಲಿ ಮಾತ್ರವೂ ಅಲ್ಲ. ಭದ್ರಾವತಿಯ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ, ಹೆಸರಲ್ಲೇ ಗುಂಡಿ ಇದೆ.

ಇಷ್ಟಾದರೂ ಗಣಿ ನನ್ನ ಇವತ್ತಿನ ಚಿಂತೆಯಲ್ಲ. ಅದು ಎಲ್ಲರ ಕಣ್ಣಿಗೆ ಕಂಡಿತು, ಜನ ಹೋರಾಡಿದರು, ನಿಂತಿತು. ಕಣ್ಣಿಗೆ ಬೀಳದೆ ನಡೆಯುವುದು ಜೆಸಿಬಿಯ ಕೆಲಸ. ಇಳಿಜಾರಿನಲ್ಲಿ ರಸ್ತೆ ಬೇಕು ಅಂದರೆ ಗುಡ್ಡದ ಪಾದ ಕೊರೆಯುತ್ತಾರೆ. ಹೋಂಸ್ಟೇಗೆ ಸಮತಟ್ಟು ಜಾಗ ಬೇಕು ಅಂದರೆ ಒಂದು ಬದಿ ಕಡಿದು, ಆ ಮಣ್ಣನ್ನು ಇನ್ನೊಂದು ಬದಿಗೆ ಸುರಿಯುತ್ತಾರೆ. ಕಡಿದ ಬದಿಯ ಮೇಲಿನ ಗುಡ್ಡಕ್ಕೆ ಊರುಗೋಲು ಇಲ್ಲ. ಸುರಿದ ಬದಿಯ ಮಣ್ಣಿಗೆ ಬೇರಿನ ಹಿಡಿತ ಇಲ್ಲ. ಬೇಸಿಗೆಯಲ್ಲಿ ಎರಡೂ ಗಟ್ಟಿಯಾಗಿಯೇ ಕಾಣುತ್ತವೆ. ಆಗಸ್ಟಿನಲ್ಲಿ ನಾಲ್ಕು ದಿನ ಬಿಡದೆ ಹುಯ್ದರೆ ಮಣ್ಣು ನೀರು ಕುಡಿದು ಭಾರವಾಗಿ, ಒಳಗೆ ಹಿಡಿತ ತಪ್ಪಿ ಜಾರುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ, 2019ರಲ್ಲಿ ಚಾರ್ಮಾಡಿ, ಮೂಡಿಗೆರೆ ಕಡೆ ಗುಡ್ಡಗಳು ಜಾರಿದ್ದು ನಿಮಗೆ ನೆನಪಿರಬಹುದು. ಮಳೆ ವಿಪರೀತವಿತ್ತು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕೊಡಗಿನಲ್ಲಿ ಜಾರಿದ ಜಾಗಗಳನ್ನು ನೋಡಿ ಬಂದ ಭೂವಿಜ್ಞಾನಿಗಳು ಬೆರಳು ತೋರಿದ್ದು ಇಳಿಜಾರು ಕಡಿದ ಕಡೆಗೇ.

ಒಳ್ಳೆಯ ಉದ್ದೇಶದಿಂದಲೂ ಇದೇ ಆಗುತ್ತದೆ. ಇಂಗುಗುಂಡಿ ಬಯಲುಸೀಮೆಗೆ ವರ, ನಿಮ್ಮ ತುಮಕೂರಿಗೂ ಬೇಕು. ಆದರೆ ಕಡಿದಾದ ಹುಲ್ಲಿನ ಇಳಿಜಾರಿನಲ್ಲಿ, ತೆಳು ಮಣ್ಣಿನ ಕೆಳಗೆ ಬಂಡೆ ಇರುವ ಕಡೆ ಗುಂಡಿ ತೋಡಿದರೆ, ಹರಿದು ಹೋಗಬೇಕಾದ ನೀರು ನಿಂತು ಮಣ್ಣು, ಬಂಡೆಯ ನಡುವೆ ಸೇರುತ್ತದೆ. ಜಾರುಬಂಡೆಗೆ ಎಣ್ಣೆ ಸುರಿದ ಹಾಗೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದ ಮೇಲೆ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು.

ಕಾಫಿ ತೋಟದ ಬಗ್ಗೆ ನೀವು ಕೇಳಿಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾಡುಮರಗಳ ನೆರಳಿನ ಹಳೆಯ ತೋಟ ಬೆಟ್ಟಕ್ಕೆ ಅಂಥ ಹೊರೆಯಲ್ಲ. ಆ ಮರಗಳನ್ನು ತೆಗೆದು ಬರೀ ಸಿಲ್ವರ್ ಓಕ್ ನಿಲ್ಲಿಸಿದ ತೋಟ ಬೇರೆಯೇ ಕಥೆ. ಅದೂ ಆಸ್ಟ್ರೇಲಿಯಾದ್ದು, ನಗಬೇಡಿ.

ನಿಮ್ಮ ಐದು ಸಾವಿರ ಉಂಡೆಗೆ ವಾಪಸ್ ಬರುತ್ತೇನೆ. ಗುಡ್ಡದ ಬೆನ್ನಿಗೆ ಎಸೆದರೆ ಹೆಚ್ಚಿನವು ಸಾಯುತ್ತವೆ, ಅದು ಒಳ್ಳೆಯದೇ. ಬದುಕಿದವು ತೊಂದರೆ. ಜೊತೆಗೆ ಅದು ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಅಲ್ಲಿ ಬಿತ್ತುವುದು ಕಾನೂನಿಗೂ ಸರಿಹೋಗುವುದಿಲ್ಲ. ಮರ ನೆಡಲೇಬೇಕು ಅನ್ನಿಸಿದರೆ ತುಮಕೂರಿನಲ್ಲೇ ಜಾಗ ಬೇಕಾದಷ್ಟಿದೆ. ಕೆರೆ ಏರಿಯ ಕೆಳಗೆ, ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ ಹೊಂಗೆ, ಬೇವು, ಹುಣಸೆ, ಹಿಪ್ಪೆ ಹಾಕಿ. ಐದು ಸಾವಿರ ಬೇಡ. ಐವತ್ತು ನೆಟ್ಟು ಮೂರು ಬೇಸಿಗೆ ನೀರು ಹೊತ್ತು ಹಾಕಿ.

ಬೆಟ್ಟಕ್ಕೇ ಏನಾದರೂ ಮಾಡಬೇಕು ಅಂದರೆ ನೆಡುವುದಕ್ಕಿಂತ ಕೀಳುವ ಕೆಲಸ ಇದೆ. ಹುಲ್ಲಿನ ಅಂಚಿಗೆ ನುಗ್ಗುವ ಅಕೇಶಿಯಾ ಸಸಿ, ಲಂಟಾನ, ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಅನ್ನುವ ಯುಪಟೋರಿಯಂ, ಇವನ್ನು ಇನ್ನೂ ಎಳೆ ಸಸಿಯಾಗಿರುವಾಗಲೇ ಬೇರುಸಮೇತ ಕಿತ್ತರೆ ಗೆದ್ದ ಹಾಗೆ. ಅರಣ್ಯ ಇಲಾಖೆಯವರನ್ನು ಕೇಳಿ, ಅವರ ಜೊತೆಯಲ್ಲೇ ಮಾಡಬೇಕು. ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ, ಬೀಜ ಮಣ್ಣಿನಲ್ಲಿರುತ್ತದೆ. ಹಳೆಯ ದೊಡ್ಡ ತೋಪುಗಳನ್ನು ಒಂದೇ ಏಟಿಗೆ ಕಡಿಯಿರಿ ಅಂತಲೂ ನಾನು ಹೇಳುವುದಿಲ್ಲ. ನೀಲಗಿರಿ, ಪಳನಿಯಲ್ಲಿ ಕೆಲವು ಮುದಿ ವಾಟಲ್ ತೋಪುಗಳ ನೆರಳಿನಲ್ಲಿ ಶೋಲಾದ ಸಸಿಗಳು ತಾವಾಗಿಯೇ ಏಳುತ್ತಿವೆ. ಅಂಥಲ್ಲಿ ಗರಗಸ ಹಾಕಿದರೆ ವಾಟಲ್ಲೇ ಮತ್ತೆ ಮುತ್ತುತ್ತದೆ. ಜಾಗ ನೋಡಿ ಕೆಲಸ ಮಾಡಬೇಕು.

ಕೊನೆಗೆ ಚಾರಣ. ಹೌದು, ಹಾಳಾಗುತ್ತದೆ. ಹತ್ತು ಜನ ನಡೆದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ದಿನವೂ ನೂರಾರು ಜನ ನಡೆದರೆ ಬುಡವೇ ಸಾಯುತ್ತದೆ, ಮಣ್ಣು ಬಿಗಿಯುತ್ತದೆ, ಮಳೆ ನೀರು ಅಲ್ಲೇ ಹರಿದು ದಾರಿಯನ್ನು ಕಾಲುವೆ ಮಾಡುತ್ತದೆ. ಕಾಲುವೆಯಲ್ಲಿ ಕಾಲು ಜಾರುತ್ತದೆ ಅಂತ ನಾವು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತೇವೆ. ಅಲ್ಲಿ ಇನ್ನೊಂದು ಕಾಲುವೆ. ಮುಳ್ಳೋಡಿ ದಾರಿಯಲ್ಲೇ ಎರಡು ಮೂರು ಸಮಾನಾಂತರ ಗೆರೆಗಳನ್ನು ನೀವೂ ನೋಡಿರಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ಮೇಲೆ ಇಲಾಖೆ ಎಚ್ಚೆತ್ತು ಚಾರಣಿಗರ ಸಂಖ್ಯೆಗೆ ಮಿತಿ ಹಾಕಿತು. ಕುದುರೆಮುಖಕ್ಕೆ ಈಗ ದಿನಕ್ಕೆ 300 ಜನ. ಜಾಸ್ತಿಯೇ ಅನ್ನಿಸುತ್ತದೆ ನನಗೆ, ಆದರೂ ಮಿತಿ ಇರುವುದು ವಾಸಿ.

ಹೋಗಬೇಡಿ ಅನ್ನುವುದಿಲ್ಲ. ವಾರದ ನಡುವೆ ಹೋಗಿ, ಗುಂಪು ಚಿಕ್ಕದಿರಲಿ. ಕೆಸರಾದರೂ ಹಳೆಯ ದಾರಿಯಲ್ಲೇ ನಡೆಯಿರಿ, ಬೂಟು ಒದ್ದೆಯಾದರೆ ಆಗಲಿ. ಹೊರಡುವ ಮುಂಚೆ ಬೂಟಿನ ಅಡಿಯ ಹಳೇ ಮಣ್ಣು ತೊಳೆದುಕೊಳ್ಳಿ, ಊರಿನ ಕಳೆಬೀಜ ಅದರಲ್ಲೇ ಸವಾರಿ ಮಾಡುತ್ತದೆ. ಪ್ಯಾಂಟಿನ ಅಂಚಿಗೆ, ಸಾಕ್ಸಿಗೆ ಅಂಟಿದ ಬೀಜಗಳನ್ನು ತುದಿಯಲ್ಲಿ ಕೂತು ಹರಟೆ ಹೊಡೆಯುತ್ತಾ ಕಿತ್ತು ಎಸೆಯುವ ಅಭ್ಯಾಸ ನಮಗೆಲ್ಲ ಇದೆ. ಕಿತ್ತಿದ್ದನ್ನು ಜೇಬಿಗೆ ಹಾಕಿಕೊಂಡು ಬನ್ನಿ.